ಅಂಕಪಟ್ಟಿ ಇಲ್ಲದ ವಿದ್ಯಾರ್ಥಿ: ನಿರಾಶ್ರಿತರಿಗೆ ಕಾಲೇಜು ಯಾಕೆ ಇಷ್ಟು ದೂರ?

ಕಾಲೇಜಿಗೆ ಹೋಗುವ ವಯಸ್ಸಿನ ನೂರು ಜನರನ್ನು ತೆಗೆದುಕೊಳ್ಳಿ. ಜಗತ್ತಿನ ಸರಾಸರಿ ನೋಡಿದರೆ ಅವರಲ್ಲಿ ಸುಮಾರು 42 ಮಂದಿ ಉನ್ನತ ಶಿಕ್ಷಣದಲ್ಲಿ ಇರುತ್ತಾರೆ. ಅದೇ ವಯಸ್ಸಿನ ನೂರು ನಿರಾಶ್ರಿತರಲ್ಲಿ ಸಿಗುವುದು ಏಳೇ ಮಂದಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಯುಎನ್‌ಎಚ್‌ಸಿಆರ್, 2024ರ ವರದಿಯಲ್ಲಿ ಕೊಟ್ಟ ಲೆಕ್ಕ ಇದು. 2018ರಲ್ಲಿ ಇದೇ ಸಂಸ್ಥೆ ಕೊಟ್ಟಿದ್ದ ಅಂಕಿ ಬರೀ 1%. 2030ರ ಹೊತ್ತಿಗೆ 15% ಮುಟ್ಟಬೇಕು ಅನ್ನುವುದು ಅವರು ಹಾಕಿಕೊಂಡಿರುವ ಗುರಿ.

ಇದೇ ವರದಿಯ ಪ್ರಕಾರ ನಿರಾಶ್ರಿತ ಮಕ್ಕಳಲ್ಲಿ ಪ್ರಾಥಮಿಕ ಶಾಲೆಯಲ್ಲಿ ಇರುವವರು 65%. ಪ್ರೌಢಶಾಲೆ ಹಂತದಲ್ಲಿ 42%. ಅಲ್ಲಿಂದ ಒಮ್ಮೆಲೇ 7%ಕ್ಕೆ ಇಳಿಯುತ್ತದೆ. ಕೆಲವರು ಹೈಸ್ಕೂಲಿನ ನಡುವೆಯೇ ಓದು ಬಿಡುತ್ತಾರೆ, ಅದೂ ನಿಜ. ಆದರೆ ಕಿಕ್ಕಿರಿದ ತರಗತಿಯಲ್ಲಿ ಕೂತು, ಪುಸ್ತಕ ಹಂಚಿಕೊಂಡು ಓದಿ, ಪರೀಕ್ಷೆ ಪಾಸು ಮಾಡಿದವರೂ ಸಾಕಷ್ಟು ಜನ ಇದ್ದಾರೆ. ಅವರಿಗೆ ತಲೆ ಇಲ್ಲ, ಆಸೆ ಇಲ್ಲ ಅನ್ನುವ ಹಾಗಿಲ್ಲ, ಅಲ್ವಾ? ಮತ್ತೆ ಅವರು ಎಲ್ಲಿ ನಿಂತುಹೋಗುತ್ತಾರೆ?

ನನ್ನ ಪ್ರಕಾರ ಉತ್ತರ ಇರುವುದು ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ. ಪ್ರತಿ ಯೂನಿವರ್ಸಿಟಿಯೂ ತನ್ನ ನಿಯಮ ಬರೆಯುವಾಗ ಒಬ್ಬ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದೆ. ಅವನ ಹತ್ತಿರ ಎಲ್ಲ ಕಾಗದಪತ್ರ ಇರುತ್ತವೆ. ಅವನಿಗೆ ಒಂದು ದೇಶದ ಪೌರತ್ವ ಇರುತ್ತದೆ. ಪಾಠದ ಭಾಷೆ ಅವನಿಗೆ ಬರುತ್ತದೆ. ಮೂರು ನಾಲ್ಕು ವರ್ಷ ಅವನು ಒಂದೇ ಊರಿನಲ್ಲಿ ಇರುತ್ತಾನೆ, ಅಷ್ಟು ದಿನ ಅವನ ದುಡಿಮೆ ಇಲ್ಲದೆ ಮನೆ ನಡೆಯುತ್ತದೆ. ಈ ಚಿತ್ರಕ್ಕೆ ಹೊಂದದ ಹುಡುಗ ಹುಡುಗಿಯರನ್ನು ಯಾರೂ ಬೇಕಂತಲೇ ಹೊರಗೆ ಹಾಕಬೇಕಿಲ್ಲ. ನಿಯಮವೇ ಆ ಕೆಲಸ ಮಾಡಿಬಿಡುತ್ತದೆ. ನಿರಾಶ್ರಿತರ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ತಲೆಮಾರುಗಳಿಂದ ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳ ವಿಷಯದಲ್ಲೂ ನಡೆಯುವುದು ಇದೇ, ಕಾಣುವುದು ಮಾತ್ರ ಕಮ್ಮಿ.

ಕಾನೂನು ಎಲ್ಲಿ ಮೆಲ್ಲಗಾಗುತ್ತದೆ

1951ರ ನಿರಾಶ್ರಿತರ ಒಪ್ಪಂದದಲ್ಲಿ ಶಿಕ್ಷಣಕ್ಕೆ ಅಂತಲೇ ಒಂದು ವಿಧಿ ಇದೆ, 22ನೆಯದು. ಅದರಲ್ಲಿ ಎರಡು ಭಾಗ. ಪ್ರಾಥಮಿಕ ಶಿಕ್ಷಣದ ಬಗ್ಗೆ ಮಾತು ಗಟ್ಟಿಯಾಗಿದೆ: ದೇಶದ ಪ್ರಜೆಗಳಿಗೆ ಏನು ಸಿಗುತ್ತದೋ ಅದೇ ನಿರಾಶ್ರಿತರಿಗೂ ಸಿಗಬೇಕು. ಅದಕ್ಕಿಂತ ಮೇಲಿನ ಓದಿನ ವಿಷಯ ಬಂದ ಕೂಡಲೇ ದನಿ ಇಳಿಯುತ್ತದೆ. ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು, ಕೊನೇ ಪಕ್ಷ ಅದೇ ಸ್ಥಿತಿಯಲ್ಲಿರುವ ಬೇರೆ ವಿದೇಶಿಯರಿಗೆ ಸಿಗುವಷ್ಟಾದರೂ ಸಿಗಬೇಕು ಅನ್ನುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ. ಹೊರದೇಶದ ಸರ್ಟಿಫಿಕೇಟುಗಳಿಗೆ ಮಾನ್ಯತೆ, ಫೀಸಿನಲ್ಲಿ ವಿನಾಯಿತಿ, ಸ್ಕಾಲರ್‌ಶಿಪ್, ಈ ಮೂರನ್ನೂ ಆ ವಿಧಿ ಹೆಸರಿಟ್ಟು ಹೇಳುತ್ತದೆ. ಅಂದರೆ ಸಮಸ್ಯೆ ಏನು ಅಂತ 1951ರಲ್ಲೇ ಗೊತ್ತಿತ್ತು.

‘ಬೇರೆ ವಿದೇಶಿಯರಷ್ಟು’ ಅನ್ನುವ ಆ ಅಳತೆಯೇ ಮುಂದೆ ತೊಡಕಾಯಿತು. ವಿದೇಶಿ ವಿದ್ಯಾರ್ಥಿ ಅಂದರೆ ಸಾಮಾನ್ಯವಾಗಿ ಯಾರು? ತನ್ನ ದೇಶದಲ್ಲಿ ಮನೆ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ಎಲ್ಲ ಇದ್ದು, ಓದಲಿಕ್ಕೆ ಅಂತ ದುಡ್ಡು ಕಟ್ಟಿ ಬಂದವರು. ನಿರಾಶ್ರಿತರನ್ನು ಅವರ ಸಾಲಿನಲ್ಲಿ ನಿಲ್ಲಿಸಿದರೆ ಕಾನೂನು ಪಾಲಿಸಿದ ಹಾಗೆ ಆಗುತ್ತದೆ. ಆದರೆ ಪ್ರವೇಶ ಯಾರಿಗೂ ಸಿಗುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಈ ಒಪ್ಪಂದ ಅನ್ವಯಿಸುವುದು ಗಡಿ ದಾಟಿದವರಿಗೆ. 2024ರ ಕೊನೆಗೆ ಜಗತ್ತಿನಲ್ಲಿ ಮನೆ ಬಿಟ್ಟು ಓಡಬೇಕಾಗಿ ಬಂದವರು ಸುಮಾರು 12.3 ಕೋಟಿ ಜನ. ಅವರಲ್ಲಿ 7.3 ಕೋಟಿಗೂ ಜಾಸ್ತಿ ಜನ ತಮ್ಮ ದೇಶದ ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿದವರು. ಅವರ ಕಾಲೇಜು ಸುಟ್ಟುಹೋಗಿದ್ದರೂ, ಅಂಕಪಟ್ಟಿ ಕಳೆದಿದ್ದರೂ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ. ಸ್ಕಾಲರ್‌ಶಿಪ್‌ಗಳಲ್ಲಿ ಬಹಳಷ್ಟು ಅವರ ತನಕ ಬರುವುದೇ ಇಲ್ಲ.

ಕಾಗದ ಇಲ್ಲ, ಓದು ಇದೆ

ಬಾಂಬು ಬೀಳುವಾಗ ಮನೆಯಿಂದ ಓಡುವವರು ಮಗುವನ್ನು ಎತ್ತಿಕೊಳ್ಳುತ್ತಾರೆ. ಹನ್ನೆರಡನೇ ಕ್ಲಾಸಿನ ಅಂಕಪಟ್ಟಿ ಎಲ್ಲಿದೆ ಅಂತ ಹುಡುಕುವುದಿಲ್ಲ. ಎಷ್ಟೋ ಸಲ ಆ ಅಂಕಪಟ್ಟಿ ಕೊಟ್ಟ ಶಾಲೆಯೂ ಉಳಿದಿರುವುದಿಲ್ಲ. ಉಳಿದಿದ್ದರೂ ನಕಲು ಪ್ರತಿ ಕೇಳುವುದು ಅಪಾಯ. ಯಾವ ಸರ್ಕಾರಕ್ಕೆ ಹೆದರಿ ಓಡಿದ್ದಾರೋ ಅದೇ ಸರ್ಕಾರದ ಕಚೇರಿಗೆ ‘ನಾನು ಇಲ್ಲಿದ್ದೇನೆ, ನನ್ನ ದಾಖಲೆ ಕಳಿಸಿ’ ಅಂತ ಬರೆಯಬೇಕಾಗುತ್ತದೆ. ಊರಲ್ಲಿ ಉಳಿದ ಅಪ್ಪ ಅಮ್ಮನಿಗೂ ಅದರಿಂದ ತೊಂದರೆ ಆಗಬಹುದು.

ಆದರೂ ಪ್ರವೇಶದ ಕಚೇರಿಯಲ್ಲಿ ಮೊದಲ ಪ್ರಶ್ನೆ ‘ಒರಿಜಿನಲ್ ಎಲ್ಲಿ?’ ಅನ್ನುವುದೇ. ಕಚೇರಿಯವರ ಕಷ್ಟವೂ ನಿಜ. ಸುಳ್ಳು ಸರ್ಟಿಫಿಕೇಟುಗಳು ಇವೆ. ವೈದ್ಯನಲ್ಲದವನನ್ನು ವೈದ್ಯ ಅಂತ ಒಪ್ಪಿಕೊಂಡರೆ ಜೀವ ಹೋಗುತ್ತದೆ. ಹಾಗಾದರೆ ಕಾಗದ ಇಲ್ಲದೆಯೂ ಓದನ್ನು ಪರೀಕ್ಷಿಸುವ ದಾರಿ ಇದೆಯೇ? ಇದೆ. ಸಾಕಷ್ಟು ವರ್ಷಗಳಿಂದ ಬಳಕೆಯಲ್ಲೂ ಇದೆ. ಇದು ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ನಾರ್ವೆಯ ಶಿಕ್ಷಣ ಗುಣಮಟ್ಟ ಸಂಸ್ಥೆ ನೋಕುಟ್ ಇದಕ್ಕೊಂದು ಪದ್ಧತಿ ಕಟ್ಟಿತು. ಅದನ್ನೇ ತಳಹದಿ ಮಾಡಿಕೊಂಡು ಯುರೋಪ್ ಮಂಡಳಿ 2017ರಲ್ಲಿ ‘ನಿರಾಶ್ರಿತರ ಯುರೋಪಿಯನ್ ಅರ್ಹತಾ ಪಾಸ್‌ಪೋರ್ಟ್’ ಪ್ರಯೋಗ ಶುರು ಮಾಡಿತು. ಕೆಲಸ ನಡೆಯುವುದು ಹೀಗೆ. ಮೊದಲು ಅರ್ಜಿದಾರರು ಒಂದು ದೊಡ್ಡ ಫಾರಂ ತುಂಬುತ್ತಾರೆ: ಎಲ್ಲೆಲ್ಲಿ, ಯಾವಾಗ, ಏನು ಓದಿದಿರಿ. ಕೈಯಲ್ಲಿ ಏನೇ ಉಳಿದಿದ್ದರೂ ಜೊತೆಗಿಡುತ್ತಾರೆ. ಒಂದು ಗುರುತಿನ ಚೀಟಿ, ಫೋನಿನಲ್ಲಿ ತೆಗೆದ ಫೋಟೋ, ಹಾಸ್ಟೆಲ್ ರಸೀದಿ, ಏನಾದರೂ ಸರಿ. ಆಮೇಲೆ ಅರ್ಹತೆ ಅಳೆಯುವುದರಲ್ಲಿ ತರಬೇತಿ ಪಡೆದ ಇಬ್ಬರು ಸಂದರ್ಶನ ಮಾಡುತ್ತಾರೆ. ಸಾಧ್ಯವಾದರೆ ಒಬ್ಬರಿಗೆ ಅರ್ಜಿದಾರರ ಭಾಷೆ ಬರುತ್ತದೆ. ಈ ಅಧಿಕಾರಿಗಳಿಗೆ ಆ ದೇಶದ ಶಿಕ್ಷಣ ವ್ಯವಸ್ಥೆ ಚೆನ್ನಾಗಿ ಗೊತ್ತಿರುತ್ತದೆ. ಕೋರ್ಸು ಎಷ್ಟು ವರ್ಷದ್ದು, ಯಾವ ವಿಷಯಗಳಿದ್ದವು, ಕೊನೆ ಪರೀಕ್ಷೆ ಹೇಗಿತ್ತು, ಪ್ರಾಜೆಕ್ಟ್ ಯಾವುದರ ಮೇಲೆ ಮಾಡಿದಿರಿ ಅಂತೆಲ್ಲ ಕೇಳುತ್ತಾ ಹೋಗುತ್ತಾರೆ. ನಿಜವಾಗಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವರು ಇವಕ್ಕೆ ತಡವರಿಸದೆ ಉತ್ತರ ಕೊಡುತ್ತಾರೆ. ಓದದೇ ಇದ್ದವರು ಹೆಚ್ಚು ಹೊತ್ತು ಎಳೆಯುವುದು ಕಷ್ಟ.

ಕೊನೆಗೆ ಸಿಗುವ ದಾಖಲೆಯಲ್ಲಿ ಅವರ ಅತಿ ಮೇಲಿನ ಓದು, ಕೆಲಸದ ಅನುಭವ, ಭಾಷೆಗಳ ಮಟ್ಟ ಇರುತ್ತವೆ. ಐದು ವರ್ಷ ಅದು ಚಾಲ್ತಿಯಲ್ಲಿರುತ್ತದೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಮತ್ತೆ ಮೊದಲಿನಿಂದ ಎಲ್ಲ ಹೇಳಬೇಕಿಲ್ಲ. ಇದು ಪದವಿಗೆ ಸಮ ಅಲ್ಲ. ಕಾಲೇಜು ಇದನ್ನು ಒಪ್ಪಲೇಬೇಕು ಅಂತಲೂ ಇಲ್ಲ. ಆದರೆ ಮಾತು ಶುರು ಮಾಡಲಿಕ್ಕೆ ಒಂದು ನಂಬಲರ್ಹ ಕಾಗದ ಕೈಗೆ ಬಂತಲ್ಲ, ಅದೇ ದೊಡ್ಡದು. ಯುನೆಸ್ಕೋ ಇದೇ ಮಾದರಿಯನ್ನು ಯುರೋಪಿನ ಹೊರಗೂ ತಂದಿತು. 2019ರಲ್ಲಿ ಜಾಂಬಿಯಾದ ಮೆಹೆಬಾ ನಿರಾಶ್ರಿತರ ವಸತಿಯಲ್ಲಿ ಅದರ ಪ್ರಯೋಗ ನಡೆಯಿತು.

ಜರ್ಮನಿ ಬೇರೆ ದಾರಿ ಹಿಡಿಯಿತು. 2015ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಜ್ಯಗಳ ಶಿಕ್ಷಣ ಸಚಿವರೆಲ್ಲ ಸೇರಿ, ಕಾಗದ ಕಳೆದುಕೊಂಡು ಬಂದವರ ಪ್ರವೇಶಕ್ಕೆ ಮೂರು ಹಂತ ಗೊತ್ತು ಮಾಡಿದರು. ನಿರಾಶ್ರಿತರ ಸ್ಥಿತಿ ಇದೆಯೇ ನೋಡು, ಅವರು ಹೇಳುವ ಓದಿನ ಕಥೆ ನಂಬುವಂತಿದೆಯೇ ನೋಡು, ಆಮೇಲೆ ಪರೀಕ್ಷೆ ಕೊಟ್ಟು ನೋಡು. ಅಷ್ಟೇ.

ಇದಕ್ಕೆಲ್ಲ ಹಿಂದೆ ಒಂದು ಒಪ್ಪಂದದ ಬಲ ಇದೆ. 1997ರಲ್ಲಿ ಲಿಸ್ಬನ್‌ನಲ್ಲಿ ಯುರೋಪಿನ ದೇಶಗಳು ಪದವಿಗಳ ಮಾನ್ಯತೆಗೆ ಒಂದು ಒಪ್ಪಂದ ಮಾಡಿಕೊಂಡವು. ದಾಖಲೆ ಇಲ್ಲದ ನಿರಾಶ್ರಿತರ ಓದನ್ನು ನ್ಯಾಯವಾಗಿ, ಬೇಗ ಅಳೆಯುವ ಪದ್ಧತಿ ರೂಪಿಸಬೇಕು ಅಂತ ಅದರ ಏಳನೇ ಭಾಗ ಹೇಳುತ್ತದೆ. ಎಷ್ಟೋ ದೇಶಗಳು ಸಹಿ ಹಾಕಿ ಸುಮ್ನೆ ಕೂತಿದ್ದವು. 2015ರಲ್ಲಿ ಸಿರಿಯಾದ ಜನ ಬಂದ ಮೇಲೆ ಅದಕ್ಕೆ ಜೀವ ಬಂತು. ಇಡೀ ಜಗತ್ತಿಗೆ ಅನ್ವಯಿಸುವಂಥ ಯುನೆಸ್ಕೋ ಒಪ್ಪಂದ 2019ರಲ್ಲಿ ಅಂಗೀಕಾರವಾಗಿ 2023ರ ಮಾರ್ಚ್‌ನಲ್ಲಿ ಜಾರಿಗೆ ಬಂದಿದೆ.

ಫೀಸು ಯಾವ ಸಾಲಿನದು?

ಕಾಗದದ ತೊಡಕು ದಾಟಿದವರಿಗೆ ಎದುರಾಗುವುದು ಫೀಸಿನ ಪಟ್ಟಿ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸ್ವದೇಶಿ ಫೀಸು, ವಿದೇಶಿ ಫೀಸು ಅಂತ ಎರಡಿರುತ್ತವೆ. ಇಂಗ್ಲೆಂಡಿನಲ್ಲಿ ನಿರಾಶ್ರಿತ ಅಂತ ಸರ್ಕಾರ ಒಪ್ಪಿಕೊಂಡವರಿಗೆ ಸ್ವದೇಶಿ ಫೀಸು, ಜೊತೆಗೆ ವಿದ್ಯಾರ್ಥಿ ಸಾಲವೂ ಸಿಗುತ್ತದೆ. ಆದರೆ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರನ್ನು ಸಾಮಾನ್ಯವಾಗಿ ವಿದೇಶಿ ಅಂತಲೇ ಲೆಕ್ಕ ಹಾಕುತ್ತಾರೆ. ಸಾಲ ಇಲ್ಲ, ಫೀಸು ಎಷ್ಟೋ ಪಟ್ಟು ಜಾಸ್ತಿ. ಹದಿನೆಂಟು ವರ್ಷದ ಹುಡುಗಿಗೆ ಈ ಕಾಯುವ ಕಾಲವೇ ಕಾಲೇಜಿನ ಕಾಲ. ಕೆಲವು ವಿಶ್ವವಿದ್ಯಾಲಯಗಳು ಇಂಥವರಿಗೆ ಅಂತಲೇ ಫೀಸು ಮನ್ನಾ ಮಾಡಿ ಸ್ಕಾಲರ್‌ಶಿಪ್ ಇಟ್ಟಿವೆ. ಸೀಟು ಮಾತ್ರ ಬೆರಳೆಣಿಕೆಯವು.

ಟರ್ಕಿಯಲ್ಲಿ ನಡೆದದ್ದು ನೋಡಿದರೆ ಒಂದು ಸಣ್ಣ ಆದೇಶ ಎಷ್ಟು ಬದಲಾವಣೆ ತರಬಲ್ಲದು ಅಂತ ಗೊತ್ತಾಗುತ್ತದೆ. ಯುದ್ಧಕ್ಕೆ ಮುಂಚೆ ಸಿರಿಯಾದಲ್ಲಿ ಕಾಲೇಜು ವಯಸ್ಸಿನ ಐವರಲ್ಲಿ ಸುಮಾರು ಒಬ್ಬರು ಉನ್ನತ ಶಿಕ್ಷಣದಲ್ಲಿ ಇದ್ದರು. ಗಡಿ ದಾಟಿದ ಮೇಲೆ ಆ ತಲೆಮಾರೇ ಕಳೆದುಹೋಗುವ ಹಾಗಿತ್ತು. ಟರ್ಕಿ ಸರ್ಕಾರ ಹಲವು ವರ್ಷ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಿರಿಯನ್ನರ ಫೀಸನ್ನು ತಾನೇ ಭರಿಸಿತು. ಸಾವಿರಗಳಲ್ಲಿದ್ದ ಸಿರಿಯನ್ ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರಕ್ಕೆ ಏರಿತು. ಆ ಮಕ್ಕಳು ಒಮ್ಮೆಲೇ ಜಾಣರಾದರೇ? ಇಲ್ಲ. ಫೀಸಿನ ಸಾಲು ಬದಲಾಯಿತು.

ಸ್ಕಾಲರ್‌ಶಿಪ್‌ಗಳಲ್ಲಿ ಹಳೆಯದು, ದೊಡ್ಡದು ಡಾಫಿ. ಜರ್ಮನ್ ಸರ್ಕಾರದ ದುಡ್ಡಿನಿಂದ 1992ರಲ್ಲಿ ಶುರುವಾಯಿತು. ತಾನೂ ನಿರಾಶ್ರಿತನಾಗಿದ್ದ ಆಲ್ಬರ್ಟ್ ಐನ್‌ಸ್ಟೀನ್ ಹೆಸರು ಅದಕ್ಕಿದೆ. ಇಲ್ಲಿಯವರೆಗೆ 20,000ಕ್ಕೂ ಹೆಚ್ಚು ಜನ ಅದರಿಂದ ಓದಿದ್ದಾರೆ. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಗುಣ: ಅದು ವಿದ್ಯಾರ್ಥಿಯನ್ನು ಶ್ರೀಮಂತ ದೇಶಕ್ಕೆ ಕರೆದೊಯ್ಯುವುದಿಲ್ಲ. ಆಶ್ರಯ ಸಿಕ್ಕ ದೇಶದ ಕಾಲೇಜಿನಲ್ಲೇ ಓದಿಸುತ್ತದೆ. ನಿರಾಶ್ರಿತರಲ್ಲಿ ಬಹುಪಾಲು ಜನ ಇರುವುದು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಅಲ್ಲಿ ಒಬ್ಬರಿಗೆ ತಗಲುವ ಖರ್ಚು ಕಮ್ಮಿ, ಹಾಗಾಗಿ ಜಾಸ್ತಿ ಜನರನ್ನು ಓದಿಸಬಹುದು. ಮನೆಯವರ ಹತ್ತಿರವೂ ಇರಬಹುದು.

ಕೆನಡಾದ ದಾರಿ ಇನ್ನೊಂದು ಬಗೆಯದು. ಅಲ್ಲಿ 1978ರಿಂದ ಡಬ್ಲ್ಯೂಯುಎಸ್‌ಸಿ ಅನ್ನುವ ಸಂಸ್ಥೆ ನಿರಾಶ್ರಿತ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತಿದೆ. ದುಡ್ಡು ಎಲ್ಲಿಂದ? ಅನೇಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ, ತಮ್ಮ ಫೀಸಿನ ಜೊತೆ ಒಂದು ಚಿಕ್ಕ ಮೊತ್ತ ಕಟ್ಟಲು ಒಪ್ಪಿಕೊಂಡಿದ್ದಾರೆ. ಆ ಚಿಲ್ಲರೆ ಸೇರಿ ಒಬ್ಬರ ಓದು, ವಸತಿ ಎಲ್ಲ ನಡೆಯುತ್ತದೆ. ಬಂದವರು ವಿದ್ಯಾರ್ಥಿ ವೀಸಾದಲ್ಲಿ ಬರುವುದಿಲ್ಲ, ಕಾಯಂ ನಿವಾಸಿಯಾಗಿ ಬರುತ್ತಾರೆ. ಹಾಗಾಗಿ ಓದು ಮುಗಿದ ಮೇಲೆ ಎಲ್ಲಿಗೆ ಹೋಗುವುದು ಅನ್ನುವ ಭಯ ಇಲ್ಲ. ಹೊಸದಾಗಿ ಬಂದವರನ್ನು ಎದುರುಗೊಳ್ಳುವುದು, ಬಸ್ಸು ಬ್ಯಾಂಕು ತೋರಿಸುವುದು ಕೂಡ ಅದೇ ಕ್ಯಾಂಪಸ್ಸಿನ ಹುಡುಗ ಹುಡುಗಿಯರು. ಬಹಳ ಸುಂದರವಾದ ವ್ಯವಸ್ಥೆ ಇದು.

ಇಂಟರ್ನೆಟ್ ಎಲ್ಲವನ್ನೂ ಬಗೆಹರಿಸುತ್ತದೆ ಅಂದುಕೊಂಡ ಕಾಲ

2012ರ ನಂತರ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಹಾಕತೊಡಗಿದವು. ಆಗ ಅನೇಕರಿಗೆ ಅನ್ನಿಸಿತು: ಇನ್ನು ಶಿಬಿರದಲ್ಲಿ ಕೂತೇ ಪದವಿ ಪಡೆಯಬಹುದು. 2015ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಕಿರೋನ್ ಸಂಸ್ಥೆಯ ಯೋಚನೆ ಅದೇ. ಮೊದಲ ಎರಡು ವರ್ಷ ಆನ್‌ಲೈನ್ ಪಾಠ, ಅಷ್ಟರಲ್ಲಿ ಕಾಗದಪತ್ರ, ಭಾಷೆ ಸರಿ ಮಾಡಿಕೊಳ್ಳುವುದು, ಆಮೇಲೆ ನಿಜವಾದ ವಿಶ್ವವಿದ್ಯಾಲಯಕ್ಕೆ ಹೋಗುವುದು. ಕಾಯುವ ಕಾಲ ವ್ಯರ್ಥ ಆಗಬಾರದು ಅನ್ನುವ ಆ ಯೋಚನೆ ನಿಜಕ್ಕೂ ಒಳ್ಳೆಯದು. ಸಾವಿರಾರು ಜನ ಸೇರಿಕೊಂಡರು. ಆದರೆ ಕೊನೆಗೆ ವಿಶ್ವವಿದ್ಯಾಲಯಕ್ಕೆ ದಾಟಿದವರು ಅದರಲ್ಲಿ ಚಿಕ್ಕ ಪಾಲು.

ಯಾಕೆ? ಆನ್‌ಲೈನ್ ಕೋರ್ಸುಗಳನ್ನು ಯಾರೇ ತೆಗೆದುಕೊಂಡರೂ, ಎಲ್ಲ ಸೌಕರ್ಯ ಇರುವವರೂ, ಮುಗಿಸುವವರು ಬಹಳ ಕಮ್ಮಿ. ಅದರ ಮೇಲೆ ಶಿಬಿರದ ಬದುಕು ಸೇರಿದರೆ? ಒಂದು ಫೋನು ಮನೆಮಂದಿಗೆಲ್ಲ. ಕರೆಂಟು ಇದ್ದಾಗ ನೆಟ್‌ವರ್ಕ್ ಇಲ್ಲ. ನೀರಿಗೆ, ಪಡಿತರಕ್ಕೆ ಸಾಲಿನಲ್ಲಿ ನಿಲ್ಲಬೇಕು. ಪಾಠದ ಮಧ್ಯೆ ಒಂದು ಕಡೆ ಅರ್ಥ ಆಗದಿದ್ದರೆ ಕೇಳಲಿಕ್ಕೆ ಯಾರೂ ಇಲ್ಲ. ಅರ್ಥ ಆಗದ ಆ ಜಾಗದಲ್ಲೇ ಓದು ನಿಲ್ಲುತ್ತದೆ. ಜೊತೆಗೆ, ಎಷ್ಟೇ ಕೋರ್ಸು ಮುಗಿಸಿದರೂ ಅದನ್ನು ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಅಂತ ಒಪ್ಪಿಕೊಳ್ಳುವ ವಿಶ್ವವಿದ್ಯಾಲಯ ಬೇಕಲ್ಲ?

ಇದೇ ಹೊತ್ತಿಗೆ, ಅಷ್ಟೇನೂ ಸದ್ದು ಮಾಡದೆ, ಬೇರೆ ಕೆಲವರು ಇಂಟರ್ನೆಟ್ಟಿನ ಜೊತೆ ಮನುಷ್ಯರನ್ನೂ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಕ್ರೈಸ್ತ ಜೆಸ್ವಿಟ್ ಪಾದ್ರಿಗಳ ಸಂಸ್ಥೆಯೊಂದು 2010ರಿಂದ ಕೀನ್ಯಾದ ಕಾಕುಮಾ, ಮಲಾವಿಯ ಜಲೇಕಾ ಶಿಬಿರಗಳಲ್ಲಿ ಅಮೆರಿಕದ ರೀಜಿಸ್ ವಿಶ್ವವಿದ್ಯಾಲಯದ ಡಿಪ್ಲೊಮಾ ಕಲಿಸಲು ತೊಡಗಿತು. ಪಾಠ ದೂರದಿಂದ ಬಂದರೂ ಶಿಬಿರದಲ್ಲಿ ಒಂದು ಕೇಂದ್ರ, ಕಂಪ್ಯೂಟರ್, ಕೈ ಹಿಡಿದು ಹೇಳಿಕೊಡುವ ಸ್ಥಳೀಯ ಬೋಧಕರು ಇದ್ದರು. ರುವಾಂಡದ ಕೆಪ್ಲರ್ ಅನ್ನುವ ಶಿಕ್ಷಣ ಸಂಸ್ಥೆ 2013ರಲ್ಲಿ ಕಿಗಾಲಿಯಲ್ಲಿ ಶುರುವಾಗಿ 2015ರಲ್ಲಿ ಕಿಜಿಬಾ ಶಿಬಿರಕ್ಕೂ ಹೋಯಿತು. ಆಗ ಪದವಿ ಕೊಡುತ್ತಿದ್ದದ್ದು ಅಮೆರಿಕದ ಸದರ್ನ್ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ. ಅಲ್ಲಿ ಇಷ್ಟು ಗಂಟೆ ಕ್ಲಾಸಿನಲ್ಲಿ ಕೂತರೆ ಪಾಸು ಅನ್ನುವ ಲೆಕ್ಕ ಇರಲಿಲ್ಲ. ಒಂದೊಂದು ಕೌಶಲಕ್ಕೂ ಒಂದೊಂದು ಪ್ರಾಜೆಕ್ಟ್. ಮಾಡಿ ಕಳಿಸಿದರೆ ತಿದ್ದಿ ವಾಪಸ್ ಬರುತ್ತಿತ್ತು, ಸರಿ ಆಗುವ ತನಕ ಮತ್ತೆ ಮಾಡಬಹುದಿತ್ತು. ತಿಂಗಳು ಕಾಯಿಲೆ ಬಿದ್ದರೂ, ಕೂಲಿಗೆ ಹೋದರೂ ವರ್ಷ ಪೂರ್ತಿ ಹಾಳಾಗುತ್ತಿರಲಿಲ್ಲ. ಚದುರಿದ ಬದುಕಿಗೆ ಒಗ್ಗುವ ಪದ್ಧತಿ ಇದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಯೋಜನೆ ಕೀನ್ಯಾದ ದಾದಾಬ್‌ನದು. 1991ರಲ್ಲಿ ಸೊಮಾಲಿಯಾದಿಂದ ಓಡಿ ಬಂದವರಿಗಾಗಿ ಎದ್ದ ಶಿಬಿರ ಅದು. ಅಲ್ಲಿನ ಶಾಲೆಗಳಲ್ಲಿ ಕಲಿಸುವವರಲ್ಲಿ ಬಹಳಷ್ಟು ಜನ ನಿರಾಶ್ರಿತರೇ. ಹೈಸ್ಕೂಲು ಮುಗಿಸಿದ ಕೂಡಲೇ, ಬೋಧನೆಯ ತರಬೇತಿ ಏನೂ ಇಲ್ಲದೆ, ಮಕ್ಕಳ ಮುಂದೆ ನಿಂತವರು. 2013ರಲ್ಲಿ ಕೆನಡಾದ ಯಾರ್ಕ್ ಮತ್ತು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳು, ಕೀನ್ಯಾದ ಕೆನ್ಯಾಟಾ ಮತ್ತು ಮೋಯಿ ವಿಶ್ವವಿದ್ಯಾಲಯಗಳು ಸೇರಿ ಆ ಮೇಷ್ಟ್ರುಗಳಿಗೇ ಪದವಿ ಕೊಡುವ ಯೋಜನೆ ಹಾಕಿದವು. ಮೊದಲು ಇಂಗ್ಲಿಷು, ಕಂಪ್ಯೂಟರ್, ಬರವಣಿಗೆಗೆ ಒಂದು ತಯಾರಿ ಕೋರ್ಸು. ಆಮೇಲಿನ ಓದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು: ಮೊದಲ ಹಂತ ಮುಗಿದರೆ ಸರ್ಟಿಫಿಕೇಟ್, ಮುಂದಿನದಕ್ಕೆ ಡಿಪ್ಲೊಮಾ, ಕೊನೆಗೆ ಪದವಿ. ನಡುವೆ ಸೊಮಾಲಿಯಾಕ್ಕೆ ವಾಪಸ್ ಹೋಗಬೇಕಾದರೂ, ಬೇರೆ ದೇಶಕ್ಕೆ ಅವಕಾಶ ಸಿಕ್ಕಿದರೂ ಅಲ್ಲಿಯವರೆಗಿನ ಓದು ಕೈಯಲ್ಲಿ ಕಾಗದವಾಗಿ ಇರುತ್ತದೆ. ಮೂರು ವರ್ಷ ಒಂದೇ ಕಡೆ ಇರುವ ಭರವಸೆ ಇಲ್ಲದವರಿಗೆ ಇದಕ್ಕಿಂತ ಮುಖ್ಯ ಸೌಲಭ್ಯ ಇಲ್ಲ. ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಮಾಡಬಹುದು, ನಿರಾಶ್ರಿತರಿಗಷ್ಟೇ ಯಾಕೆ?

ಪ್ರಾಥಮಿಕ ಶಾಲೆಗೇ ದುಡ್ಡಿಲ್ಲ, ಯೂನಿವರ್ಸಿಟಿ ಯಾಕೆ ಅಂತ ಕೇಳುವವರಿಗೆ ದಾದಾಬ್ ಒಳ್ಳೆಯ ಉತ್ತರ. ಅವರ ಪ್ರಶ್ನೆ ತಪ್ಪಲ್ಲ. ದುಡ್ಡು ಸೀಮಿತ, ಚಿಕ್ಕ ಮಕ್ಕಳು ಸಾವಿರ ಸಾವಿರ. ಆದರೆ ಆ ಮಕ್ಕಳಿಗೆ ಕಲಿಸುವವರು ಎಲ್ಲಿಂದ ಬರಬೇಕು? ದಶಕಗಟ್ಟಲೆ ಉಳಿಯುವ ಶಿಬಿರಕ್ಕೆ ಹೊರಗಿನಿಂದ ಮೇಷ್ಟ್ರು, ದಾದಿ, ಅನುವಾದಕರು ಬಂದು ಕಾಯಂ ಇರುವುದಿಲ್ಲ. ಇನ್ನೂ ಒಂದು ಮಾತು. ಮುಂದೆ ಕಾಲೇಜು ಇದೆ ಅಂತ ಗೊತ್ತಿದ್ದರೆ ಹೈಸ್ಕೂಲು ಬಿಡದೆ ಕೂರಲಿಕ್ಕೆ ಮಕ್ಕಳಿಗೆ ಒಂದು ಕಾರಣ ಸಿಗುತ್ತದೆ. ಹೆಣ್ಣುಮಕ್ಕಳ ಮದುವೆ ಮುಂದೂಡಲಿಕ್ಕೆ ಮನೆಯವರಿಗೂ.

ದುಡಿಮೆ ನಿಂತರೆ ಮನೆ ಹೇಗೆ?

ಫೀಸು ಇಲ್ಲ ಅಂದ ಮಾತ್ರಕ್ಕೆ ಓದು ಪುಕ್ಕಟೆ ಆಗುವುದಿಲ್ಲ. ಓದುವ ಹುಡುಗಿ ದುಡಿಯುತ್ತಿದ್ದರೆ ಅವಳ ಸಂಬಳ ನಿಲ್ಲುತ್ತದೆ. ಬಡ ಕುಟುಂಬಕ್ಕೆ ಅದೇ ನಿಜವಾದ ಖರ್ಚು. ಬಾಂಗ್ಲಾದೇಶದ ಚಟ್ಟೋಗ್ರಾಮ್‌ನಲ್ಲಿ 2008ರಿಂದ ಏಷ್ಯನ್ ಯೂನಿವರ್ಸಿಟಿ ಫಾರ್ ವಿಮೆನ್ ಇದೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುವ ಹುಡುಗಿಯರನ್ನು ಪದವಿಗೆ ಸೇರಿಸಿಕೊಳ್ಳುವ ಯೋಜನೆ ಮಾಡಿದಾಗ ಅವರು ಕಾರ್ಖಾನೆಯವರ ಜೊತೆ ಮಾತಾಡಿದರು. ಓದುವಷ್ಟು ಕಾಲ ಆ ಹುಡುಗಿಯರಿಗೆ ತಿಂಗಳ ಸಂಬಳ ಬರುತ್ತಲೇ ಇರುವಂತೆ ಒಪ್ಪಂದ ಮಾಡಿಕೊಂಡರು. ಟೀ ತೋಟದ ಕಾರ್ಮಿಕರ ಮಕ್ಕಳು, ರೋಹಿಂಗ್ಯಾ ಹುಡುಗಿಯರು ಕೂಡ ಅಲ್ಲಿ ಓದುತ್ತಾರೆ. ನೇರ ಪದವಿ ಕ್ಲಾಸಿಗೆ ನೂಕುವುದಿಲ್ಲ. ಮೊದಲು ಇಂಗ್ಲಿಷು, ಗಣಿತ ಗಟ್ಟಿ ಮಾಡುವ ತಯಾರಿಯ ಕಾಲ ಇದೆ. ಶಾಲೆ ಅರ್ಧಂಬರ್ಧ ಆದವರಿಗೆ ಈ ತಯಾರಿ ಇಲ್ಲದೆ ಸೀಟು ಮಾತ್ರ ಕೊಟ್ಟರೆ, ಅವರು ಮೊದಲ ಸೆಮಿಸ್ಟರ್‌ನಲ್ಲೇ ಸೋತು ‘ನಮ್ಮಿಂದಾಗದು’ ಅಂದುಕೊಂಡು ಹೋಗಿಬಿಡುತ್ತಾರೆ.

ಗಡಿ ದಾಟದೆ ಹೊರಗಾದವರು

ತನ್ನ ದೇಶದಲ್ಲೇ ಇದ್ದು ಕಾಲೇಜಿನಿಂದ ಹೊರಗೆ ಉಳಿದವರ ಕಥೆ ಇನ್ನೊಂದು. ಕೆಲವು ಕಡೆ ಇದು ನೇರವಾದ ನಿಷೇಧ. ಅಫ್ಘಾನಿಸ್ತಾನದಲ್ಲಿ 2022ರ ಡಿಸೆಂಬರ್‌ನಲ್ಲಿ ತಾಲಿಬಾನ್ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯವನ್ನೇ ಮುಚ್ಚಿತು. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಬಹಾಯಿ ಧರ್ಮದವರನ್ನು ವಿಶ್ವವಿದ್ಯಾಲಯಗಳಿಂದ ಹೊರಗಿಟ್ಟರು. ಕೆಲಸ ಕಳೆದುಕೊಂಡ ಬಹಾಯಿ ಪ್ರೊಫೆಸರುಗಳು 1987ರಲ್ಲಿ ತಮ್ಮ ಮಕ್ಕಳಿಗಾಗಿ ತಾವೇ ಒಂದು ವಿಶ್ವವಿದ್ಯಾಲಯ ಶುರು ಮಾಡಿದರು. ಕ್ಲಾಸು ನಡೆದದ್ದು ಮನೆಗಳ ನಡುಮನೆಯಲ್ಲಿ. ಪಾಠ ಅಂಚೆಯಲ್ಲಿ ಹೋಗುತ್ತಿತ್ತು. ಮುಂದೆ ಆನ್‌ಲೈನ್ ಆಯಿತು. 1998ರಲ್ಲಿ, ಮತ್ತೆ 2011ರಲ್ಲಿ ದಾಳಿ ನಡೆದು ಹಲವರು ಜೈಲಿಗೆ ಹೋದರು. ಪಾಠ ನಿಲ್ಲಲಿಲ್ಲ. ಸ್ವಂತ ದೇಶ ಒಪ್ಪದ ಆ ಪದವಿಯನ್ನು ಹೊರಗಿನ ಅನೇಕ ವಿಶ್ವವಿದ್ಯಾಲಯಗಳು ಒಪ್ಪಿ, ಅಲ್ಲಿಂದ ಬಂದವರನ್ನು ಮುಂದಿನ ಓದಿಗೆ ಸೇರಿಸಿಕೊಂಡಿವೆ.

ನಿಷೇಧವೇ ಇಲ್ಲದ ಕಡೆ ವಿಷಯ ಸೂಕ್ಷ್ಮ. ಬ್ರೆಜಿಲ್ ನೋಡಿ. ಅಲ್ಲಿನ ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯಗಳು ದೇಶದಲ್ಲೇ ಒಳ್ಳೆಯವು. ಫೀಸೂ ಇಲ್ಲ. ಪ್ರವೇಶ ಪರೀಕ್ಷೆ ಎಲ್ಲರಿಗೂ ಒಂದೇ. ಇದಕ್ಕಿಂತ ನ್ಯಾಯ ಬೇಕೇ ಅನ್ನಿಸುತ್ತದೆ. ಆದರೆ ಅಲ್ಲಿ ಸರ್ಕಾರಿ ಶಾಲೆಗಳ ಮಟ್ಟ ಕಮ್ಮಿ. ಉಳ್ಳವರು ದುಬಾರಿ ಖಾಸಗಿ ಶಾಲೆಯಲ್ಲಿ ಓದಿಸಿ, ಪರೀಕ್ಷೆ ಗೆಲ್ಲಿಸಿ, ಪುಕ್ಕಟೆ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿದ್ದರು. ಸರ್ಕಾರಿ ಶಾಲೆಯ ಬಡ ಹುಡುಗರು ದುಡ್ಡು ಕೊಟ್ಟು ಖಾಸಗಿ ಕಾಲೇಜು ಸೇರಬೇಕಿತ್ತು. ಎಲ್ಲರ ತೆರಿಗೆಯಿಂದ ನಡೆಯುವ ಉಚಿತ ಓದು ಶ್ರೀಮಂತರ ಪಾಲಾಗಿತ್ತು. 2012ರಲ್ಲಿ ಕಾನೂನು ಬಂತು: ಅರ್ಧ ಸೀಟು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ. ಅದರಲ್ಲೂ ಅರ್ಧ ಕಡಿಮೆ ಆದಾಯದ ಮನೆಯವರಿಗೆ. ಈ ಎರಡೂ ಪಾಲಿನ ಒಳಗೆ ಕಪ್ಪು, ಮಿಶ್ರ ವರ್ಣದ ಹಾಗೂ ಮೂಲನಿವಾಸಿ ಜನರಿಗೆ ಆಯಾ ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಎಷ್ಟೋ ಅಷ್ಟು. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ಒಮ್ಮತದಿಂದ ಹೇಳಿತು. ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟ ಮಾತ್ರಕ್ಕೆ ಎಲ್ಲರಿಗೂ ಒಂದೇ ಅವಕಾಶ ಇರುವುದಿಲ್ಲ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಪರೂಪ.

ಸೀಟು ಕೊಡುವುದರ ಆಚೆಗೂ ಒಂದು ಹೆಜ್ಜೆ ಇದೆ. ಅಮೆರಿಕದ ನವಾಹೋ ಜನ 1968ರಲ್ಲಿ ತಮ್ಮದೇ ಕಾಲೇಜು ತೆರೆದರು. ಮೂಲನಿವಾಸಿಗಳು ತಾವೇ ನಡೆಸುವ ಮೊದಲ ಕಾಲೇಜು ಅದು. ಈಗ ಅಂಥವು ಆ ದೇಶದಲ್ಲಿ ಮೂವತ್ತಕ್ಕಿಂತ ಜಾಸ್ತಿ ಇವೆ. ನಾರ್ವೆಯ ಉತ್ತರದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರಿಗೆ 1989ರಿಂದ ಅವರ ಭಾಷೆಯಲ್ಲೇ ಕಲಿಸುವ ಉನ್ನತ ಶಿಕ್ಷಣ ಸಂಸ್ಥೆ ಇದೆ. ಇಲ್ಲಿ ವಿದ್ಯಾರ್ಥಿ ಯಾರದೋ ಕಾಲೇಜಿನಲ್ಲಿ ಅತಿಥಿಯಾಗಿ ಕೂರುವುದಿಲ್ಲ. ಏನು ಕಲಿಸಬೇಕು ಅನ್ನುವುದನ್ನೂ ಅವರ ಜನವೇ ತೀರ್ಮಾನಿಸುತ್ತಾರೆ.

ಪದವಿ ಆಯಿತು, ಮುಂದೆ?

ಇಷ್ಟೆಲ್ಲ ದಾಟಿ ಪದವಿ ಬಂದರೂ ಕೆಲಸ ಮಾಡುವ ಹಕ್ಕು ಇಲ್ಲದಿದ್ದರೆ ಎಲ್ಲ ಅರ್ಧಕ್ಕೆ ನಿಲ್ಲುತ್ತದೆ. ಲೆಬನಾನ್‌ನಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರು 1948ರಿಂದ ಇದ್ದಾರೆ. ಮೊಮ್ಮಕ್ಕಳು ಮರಿಮಕ್ಕಳು ಅಲ್ಲೇ ಹುಟ್ಟಿದ್ದಾರೆ. ಅವರಲ್ಲಿ ಡಾಕ್ಟರ್, ಎಂಜಿನಿಯರ್, ಲಾಯರ್ ಓದಿದವರು ಇದ್ದಾರೆ. ಆದರೆ ಆ ವೃತ್ತಿ ಮಾಡಲು ಬೇಕಾದ ಸಂಘದ ಸದಸ್ಯತ್ವ ಅವರಿಗೆ ಸಿಗುವುದಿಲ್ಲ. ಉಗಾಂಡ ಬಡ ದೇಶ. ಅಲ್ಲಿ 15 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಇದ್ದಾರೆ. ಆದರೂ 2006ರ ಕಾನೂನು ಅವರಿಗೆ ಓಡಾಡುವ, ಕೆಲಸ ಮಾಡುವ ಹಕ್ಕು ಕೊಟ್ಟಿದೆ. ಅಲ್ಲೂ ಕೆಲಸ ಸಿಗುವುದು ಸುಲಭ ಅಲ್ಲ. ಆದರೆ ಹುಡುಕುವುದು ಅಪರಾಧ ಅಲ್ಲ.

ಫೀಸಿನ ಸಾಲು, ಕೆಲಸದ ಪರವಾನಗಿ, ಇವು ಸರ್ಕಾರಗಳ ಕೈಯಲ್ಲಿವೆ. ಕಾಲೇಜುಗಳ ಕೈಯಲ್ಲೂ ಸಾಕಷ್ಟು ಇದೆ. ಇದನ್ನು ಓದುವವರಲ್ಲಿ ಪ್ರವೇಶದ ಕಚೇರಿಯಲ್ಲಿ ಕೆಲಸ ಮಾಡುವವರು ಇದ್ದರೆ ಅವರಿಗೆ ನನ್ನ ಕೋರಿಕೆ ಇಷ್ಟು. ಒರಿಜಿನಲ್ ಇಲ್ಲದೆ ಒಬ್ಬರು ಬಂದರೆ, ಇಲ್ಲ ಅನ್ನುವ ಮುಂಚೆ ಅವರನ್ನು ಕೂರಿಸಿ, ಎಲ್ಲಿಯವರೆಗೆ ಓದಿದ್ದೀರಿ ಅಂತ ಕೇಳಿ. ಆ ವಿಷಯದ ಒಬ್ಬ ಮೇಷ್ಟ್ರನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಿ. ಅವರಿಗೆ ಕಳಿಸುವ ಕಾಗದದಲ್ಲಿ ಯಾವ ದಾಖಲೆ ಇಲ್ಲದಿದ್ದರೂ ನಡೆಯುತ್ತದೆ, ಯಾವುದು ಬೇಕೇ ಬೇಕು, ಬದಲಿಗೆ ಏನು ಕೊಡಬಹುದು ಅಂತ ಸ್ಪಷ್ಟವಾಗಿ ಬರೆಯಿರಿ. ಅರ್ಜಿಯ ಶುಲ್ಕ ಮನ್ನಾ ಮಾಡುವ ಅಧಿಕಾರ ಯಾರಿಗಿದೆ ಅಂತ ಈಗಲೇ ಕೇಳಿ ತಿಳಿದುಕೊಳ್ಳಿ. ಅವರು ಬಂದು ಕೌಂಟರಿನ ಮುಂದೆ ನಿಂತ ದಿನ ಹುಡುಕಲಿಕ್ಕೆ ಹೊರಟರೆ ಕೊನೆಯ ದಿನಾಂಕ ದಾಟಿರುತ್ತದೆ.